ಅಗೆಯಬಾರದ ನಿಧಿ

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಕ್ಕೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ಬರುವ ಸುದ್ದಿಯೊಂದಿದೆ. ನಿಧಿ ಆಸೆಗೆ ಪಾಳು ದೇವಸ್ಥಾನದ ಗರ್ಭಗುಡಿ ಅಗೆದವರ ಬಂಧನ. ಕೆಳಗೆ ವಶಪಡಿಸಿಕೊಂಡ ಮಾಲಿನ ಪಟ್ಟಿ: ಹಾರೆ, ಪಿಕಾಸಿ, ಬುಟ್ಟಿ, ನಿಂಬೆಹಣ್ಣು, ಅರಿಸಿನ, ಕುಂಕುಮ, ಒಂದು ಕಪ್ಪು ಕೋಳಿ, ಬಾಡಿಗೆಗೆ ತಂದ ಒಂದು ಜೀಪು. ಪಟ್ಟಿಯಲ್ಲಿ ನಿಧಿ ಇರುವುದಿಲ್ಲ. ಉಪಸಂಪಾದಕನಾಗಿ ಈ ಸುದ್ದಿಗೆ ತಲೆಬರಹ ಕೊಟ್ಟು ಕೊಟ್ಟೇ ನಾನು ನಿವೃತ್ತನಾದವನು. ಒಮ್ಮೆಯಾದರೂ ‘ನಿಧಿ ಪತ್ತೆ’ ಎಂದು ಪುಟದ ಉದ್ದಕ್ಕೂ ದಪ್ಪಕ್ಷರದಲ್ಲಿ ಹಾಕಬೇಕೆಂಬ ಆಸೆ ಕೊನೆಗೂ ಕೈಗೂಡಲಿಲ್ಲ. ಆ ಕೋಳಿಯ ಗತಿ ಏನಾಯಿತು ಎಂದು ಯಾವ ವರದಿಗಾರನೂ ಬರೆಯಲಿಲ್ಲ.

ಇಂಥವನು ಅರವತ್ತು ದಾಟಿದ ಮೇಲೆ ನಿಧಿ ಹುಡುಕುವವರ ಗುಂಪಿಗೆ ಸೇರಿಕೊಂಡೆ ಎಂದರೆ ಹಳೆಯ ಸಹೋದ್ಯೋಗಿಗಳು ನಗುತ್ತಾರೆ. ಆದರೆ ಈ ಗುಂಪಿನವರು ಅಗೆಯುವುದಿಲ್ಲ. ಅಗೆಯಬಾರದು ಎಂಬುದೇ ಇವರ ಮೊದಲನೆಯ ಕಟ್ಟಳೆ. ಇನ್ನೂ ವಿಚಿತ್ರವೆಂದರೆ, ಸಿಕ್ಕಿದ ನಿಧಿಯನ್ನು ಇವರು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಆಟದ ಹೆಸರು ಜಿಯೋಕ್ಯಾಶಿಂಗ್, ಬಚ್ಚಿಟ್ಟ ಡಬ್ಬಕ್ಕೆ ಕ್ಯಾಶ್ ಎಂದು ಹೆಸರು. ಯಾರೋ ಒಬ್ಬ ಪುಣ್ಯಾತ್ಮ ಕಾಡಿನಲ್ಲೋ ಪಾರ್ಕಿನಲ್ಲೋ ಮುಚ್ಚಳ ಭದ್ರವಾಗಿರುವ ಒಂದು ಡಬ್ಬವನ್ನು ಬಚ್ಚಿಡುತ್ತಾನೆ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಊರಿಗೆಲ್ಲ ಸಾರುತ್ತಾನೆ. ಉಳಿದವರು ಮೊಬೈಲಿನ ಜಿಪಿಎಸ್ ಹಿಡಿದು ಹೊರಡುತ್ತಾರೆ. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಮುಚ್ಚಿ, ಮೊದಲಿದ್ದ ಹಾಗೇ ಇಟ್ಟು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ಬರುತ್ತಾರೆ. ಡಬ್ಬದೊಳಗೆ ಪುಸ್ತಕವಲ್ಲದೆ ಒಂದೆರಡು ಗೋಲಿ, ಚಕ್ರ ಕಿತ್ತ ಆಟಿಕೆ ಕಾರು, ಯಾವುದೋ ಹೋಟೆಲಿನ ಕೀಚೈನು ಇರುತ್ತವೆ. ಒಟ್ಟು ಬೆಲೆ ಕಟ್ಟಿದರೆ ಎರಡು ಇಡ್ಲಿಗೂ ಸಾಲದು. ಇಷ್ಟಕ್ಕಾಗಿ ಏಳೂ ಖಂಡಗಳಲ್ಲಿ, ಅಂಟಾರ್ಕ್ಟಿಕಾ ಸೇರಿದಂತೆ, ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಗಳನ್ನು ಇಟ್ಟುಕೊಂಡು ಜನ ಹುಡುಕುತ್ತಿದ್ದಾರೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮಂಥ ಅಪ್ಪ ಅಮ್ಮಂದಿರನ್ನು ಕಾಡುವುದು ಚಳಿಯಲ್ಲ, ಊಟವಲ್ಲ, ಹಗಲು. ಆರಿಗನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಜೂನ್ ತಿಂಗಳ ಸೂರ್ಯ ರಾತ್ರಿ ಒಂಬತ್ತಾದರೂ ಮುಳುಗುವುದಿಲ್ಲ. ಮಗ ಸೊಸೆ ಚಿಪ್ಪು ತಯಾರಿಸುವ ಕಂಪನಿಗೆ ಹೋಗಿರುತ್ತಾರೆ. ಮೊಮ್ಮಕ್ಕಳು ಈಜು, ಪಿಯಾನೋ, ಕನ್ನಡ ಕಲಿ ಎಂದು ನಮಗಿಂತ ಬಿಡುವಿಲ್ಲದವರು. ಹಾಗಾಗಿ ಪಾರ್ಕಿನ ಒಂದು ಬೆಂಚಿನ ಮೇಲೆ ನಮ್ಮದೊಂದು ಕಟ್ಟೆ ತಾನಾಗಿ ಹುಟ್ಟಿಕೊಂಡಿತು. ಮಂಡ್ಯದ ಕಡೆಯ ಒಬ್ಬರು ಭೂಮಾಪನ ಇಲಾಖೆಯಿಂದ ನಿವೃತ್ತರಾದವರು, ನಮಗೆಲ್ಲ ಸರ್ವೆ ರಾಯರು. ಧಾರವಾಡದ ಕಡೆಯವರು ಬ್ಯಾಂಕಿನಲ್ಲಿದ್ದವರು. ಸಾಗರದವರಿಗೆ ಅಡಕೆ ತೋಟ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಡಂ ಒಬ್ಬರು. ಊರಿನ ರಾಜಕೀಯ, ಸಕ್ಕರೆ ಕಾಯಿಲೆ, ಇಲ್ಲಿನ ಟೊಮೆಟೊಗೆ ರುಚಿಯಿಲ್ಲದಿರುವುದು, ಈ ಮೂರೂ ವಿಷಯ ಮುಗಿದು ನಾವು ಮೌನವಾಗುವ ಹೊತ್ತಿಗೆ ಮೇಡಂ ಅವರ ಮೊಮ್ಮಗಳು ಬಂದು, ‘ಅಜ್ಜಿ, ನೀವು ಕೂತಿರೋ ಬೆಂಚಿನ ಕೆಳಗೆ ಒಂದು ಕ್ಯಾಶ್ ಇದೆ, ಕಾಲು ತೆಗೀರಿ’ ಎಂದಳು. ಬೆಂಚಿನ ಕಬ್ಬಿಣಕ್ಕೆ ಅಯಸ್ಕಾಂತದಿಂದ ಕಚ್ಚಿಕೊಂಡಿದ್ದ ಬೆರಳುದ್ದದ ಡಬ್ಬಿ. ನಾವು ಅಷ್ಟು ದಿನ ಅದರ ಮೇಲೆಯೇ ಕುಳಿತು ದೇಶೋದ್ಧಾರ ಮಾಡುತ್ತಿದ್ದೆವು. ಡಬ್ಬಿಗಾಗಿ ಬಂದ ಎಷ್ಟು ಜನ ನಮ್ಮನ್ನು ಕಂಡು ಹಲ್ಲು ಕಚ್ಚಿಕೊಂಡು ವಾಪಸು ಹೋಗಿದ್ದರೋ.

ಈ ಆಟದವರ ಭಾಷೆಯಲ್ಲಿ ನಾವು ಅಲ್ಲಿಯವರೆಗೆ ಮಗಲ್‌ಗಳು. ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಮಂತ್ರ ತಿಳಿಯದ ಸಾಮಾನ್ಯರಿಗೆ ಇರುವ ಹೆಸರನ್ನೇ ಇವರು ಆಟ ತಿಳಿಯದವರಿಗೆ ಇಟ್ಟಿದ್ದಾರೆ. ಮಗಲ್ ಎದುರಿಗೆ ಡಬ್ಬ ತೆಗೆಯುವಂತಿಲ್ಲ. ಅವರು ಬಂದರೆ ಆಕಾಶ ನೋಡಬೇಕು, ಶೂ ಲೇಸು ಕಟ್ಟಬೇಕು, ಇಲ್ಲವೇ ಫೋನಿನಲ್ಲಿ ಮಾತಾಡುವ ನಟನೆ ಮಾಡಬೇಕು. ನಮ್ಮ ಸಾಗರದವರಿಗೆ ಇದು ಸುಲಭ. ಅವರು ನಿಜವಾಗಿಯೇ ಊರಿಗೆ ಫೋನು ಹಚ್ಚಿ ಕೊನೆ ಕೊಯ್ಲಿನ ಆಳುಗಳ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು. ಊರಿನಲ್ಲಿ ಆಗ ನಸುಕಿನ ನಾಲ್ಕು ಗಂಟೆ ಎಂಬುದು ಅವರ ತಮ್ಮನ ಕಷ್ಟ.

ಆಟ ಹುಟ್ಟಿದ್ದು ನಾವು ಇದ್ದಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಎಂದು ತಿಳಿದಾಗ ನಮಗೆ ಸ್ಥಳಪುರಾಣ ಸಿಕ್ಕಂತಾಯಿತು. ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. ಜನಸಾಮಾನ್ಯರಿಗೆ ಬರುವ ಸಂಕೇತದಲ್ಲಿ ಸರ್ಕಾರ ಬೇಕೆಂದೇ ತಪ್ಪು ಬೆರೆಸುತ್ತಿತ್ತು; ನೂರು ಮೀಟರ್ ಆಚೀಚೆ ತೋರಿಸುವುದು ಮಾಮೂಲು. 2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆ ಕಲಬೆರಕೆಯನ್ನು ನಿಲ್ಲಿಸುವುದಾಗಿ ಹೇಳಿದರು, ಅಂದು ರಾತ್ರಿಯೇ ನಿಂತಿತು. ಜಗತ್ತಿನ ಜಿಪಿಎಸ್ ಯಂತ್ರಗಳಿಗೆಲ್ಲ ಒಂದೇ ರಾತ್ರಿಯಲ್ಲಿ ಕಣ್ಣು ಬಂತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಪೋರ್ಟ್‌ಲ್ಯಾಂಡ್ ಬಳಿಯ ಬೀವರ್‌ಕ್ರೀಕ್‌ನ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಬಹಿರಂಗಪಡಿಸಿದರು. ಬಕೆಟ್ಟಿನಲ್ಲಿ ಪುಸ್ತಕ, ವಿಡಿಯೋ, ಸಾಫ್ಟ್‌ವೇರ್, ಒಂದಷ್ಟು ದುಡ್ಡು, ಒಂದು ಕವಣೆ, ಮತ್ತು ಒಂದು ಡಬ್ಬ ಬೀನ್ಸ್. ಮೂರೇ ದಿನದಲ್ಲಿ ಮೈಕ್ ಟೀಗ್ ಎಂಬಾತ ಹೋಗಿ ಹುಡುಕಿದರು. ಆ ತಿಂಗಳ ಕೊನೆಗೆ ಆಟಕ್ಕೆ ಈಗಿನ ಹೆಸರು ಬಂತು.

ನನಗೆ ಖುಷಿ ಕೊಟ್ಟ ವಿಷಯ ಬೇರೆ. ಅಲ್ಮರ್ ಆ ಬಕೆಟ್ಟನ್ನು ಅರೆಬರೆ ಹೂತಿಟ್ಟಿದ್ದರು. ಇಂದಿನ ನಿಯಮದಲ್ಲಿ ಜಾಗದ ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೂಳುವಂತಿಲ್ಲ. ಒಳಗೆ ಬೀನ್ಸ್ ಇಟ್ಟಿದ್ದರು. ಇಂದಿನ ನಿಯಮದಲ್ಲಿ ತಿನ್ನುವ ಪದಾರ್ಥ ಇಡುವಂತಿಲ್ಲ. ಎಂದರೆ ಮೂಲಪುರುಷರೇ ಈಗ ಬಂದು ಅರ್ಜಿ ಹಾಕಿದರೆ, ಡಬ್ಬಗಳನ್ನು ಪರಿಶೀಲಿಸುವ ಸ್ವಯಂಸೇವಕರು ಎರಡು ಷರಾ ಬರೆದು ತಿರಸ್ಕರಿಸುತ್ತಾರೆ. ಯಾವ ಮಠದಲ್ಲಾದರೂ ನಡೆಯುವುದು ಇದೇ ತಾನೆ. ಆ ಬೀನ್ಸ್ ಡಬ್ಬ ಮಾತ್ರ ಉಳಿದುಕೊಂಡು, ಈಗ ಆಟಗಾರರ ಮೇಳಗಳಲ್ಲಿ ದರ್ಶನ ಕೊಡುತ್ತ ತಿರುಗುತ್ತಿದೆ. ಬಕೆಟ್ ಇದ್ದ ಜಾಗದಲ್ಲಿ ಒಂದು ಫಲಕವಿದೆ. ನಾವೂ ಹೋಗಿ ಬಂದೆವು. ರಸ್ತೆ ಬದಿಯ ಒಂದು ಸಾಧಾರಣ ಜಾಗ. ಮೇಡಂ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು.

ಇಂಗ್ಲೆಂಡಿನವರನ್ನು ಕೇಳಿದರೆ ಇದೇನು ಹೊಸದು ಎನ್ನುತ್ತಾರೆ. ಅಲ್ಲಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲೇ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಒಂದು ಶೀಶೆಯಿಟ್ಟು, ಕೆಸರು ತುಳಿದು ಅಲ್ಲಿಯವರೆಗೆ ಬಂದವರು ತಮ್ಮ ವಿಸಿಟಿಂಗ್ ಕಾರ್ಡು ಹಾಕಿ ಹೋಗಲಿ ಎಂದ. ಅಲ್ಲಿಂದ ಬೆಳೆದ ಲೆಟರ್‌ಬಾಕ್ಸಿಂಗ್ ಇನ್ನೂ ನಡೆಯುತ್ತಿದೆ. ಅದಕ್ಕೆ ಉಪಗ್ರಹ ಬೇಡ, ಗಟ್ಟಿ ಬೂಟು ಸಾಕು.

ಸರ್ವೆ ರಾಯರಿಗೆ ಉಪಗ್ರಹದ ಮೇಲೆ ಮೊದಮೊದಲು ನಂಬಿಕೆಯಿರಲಿಲ್ಲ. ಅವರು 33 ಅಡಿಯ ಸರಪಳಿ ಎಳೆಸಿ, ಅದರ 16 ಆಣೆ ಎಣಿಸಿ, ಗುಂಟೆ ಲೆಕ್ಕ ಹಾಕಿದವರು. ‘ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿಂದ ಅವನಿಗೇನು ಕಾಣ್ಸುತ್ತೆ?’ ಎನ್ನುತ್ತಿದ್ದರು. ಉಪಗ್ರಹ ನಮ್ಮನ್ನು ನೋಡುವುದೇ ಇಲ್ಲ, ಅದು ಬರೀ ಗಂಟೆ ಎಷ್ಟಾಯಿತೆಂದು ಕೂಗಿ ಹೇಳುತ್ತಿರುತ್ತದೆ, ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ನಮ್ಮನ್ನು ತಲುಪಲು ಹಿಡಿದ ಹೊತ್ತಿನ ವ್ಯತ್ಯಾಸದಿಂದ ಫೋನು ಜಾಗ ಲೆಕ್ಕ ಹಾಕುತ್ತದೆ ಎಂದು ಮೇಡಂ ಮರಳಿನ ಮೇಲೆ ಕಡ್ಡಿಯಲ್ಲಿ ವೃತ್ತ ಬರೆದು ತೋರಿಸಿದರು. ಐನ್‌ಸ್ಟೈನ್ ಹೇಳಿದ ಕಾರಣಕ್ಕೆ ಮೇಲಿನ ಗಡಿಯಾರ ದಿನಕ್ಕೆ 38 ಮೈಕ್ರೋ ಸೆಕೆಂಡಿನಷ್ಟು ಮುಂದೋಡುತ್ತದೆಂದೂ, ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪುತ್ತದೆಂದೂ ಹೇಳಿದರು. ಇಷ್ಟೆಲ್ಲ ಏರ್ಪಾಡು ಒಂದು ಕೀಚೈನಿಗೆ ಎಂದು ಬ್ಯಾಂಕಿನವರು ನಿಟ್ಟುಸಿರು ಬಿಟ್ಟರು. ಕೊನೆಗೆ ಸರ್ವೆ ರಾಯರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟಕ್ಕೆ ಕರೆಕ್ಟು?’ ಬಯಲಿನಲ್ಲಿ ಮೂರರಿಂದ ಐದು ಮೀಟರ್. ಅವರು ತಲೆಯಾಡಿಸಿದರು. ‘ನಮ್ಮ ಕಡೆ ಮೂರು ಮೀಟರ್ ಅಂದ್ರೆ ಎರಡು ತಲೆಮಾರು ಕೋರ್ಟಲ್ಲಿ ಇರ್ತಾರೆ.’

ಆದರೆ ಆಟದ ರುಚಿ ಇರುವುದೇ ಆ ಮೂರು ಮೀಟರಿನಲ್ಲಿ. ಅಲ್ಲಿಯವರೆಗೆ ಫೋನು ಕೈಹಿಡಿದು ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಬುದ್ಧಿಭ್ರಮಣೆ. ನೂರೈವತ್ತು ಅಡಿ ಎತ್ತರದ ಡಗ್ಲಸ್ ಫರ್ ಮರಗಳ ಕೆಳಗೆ ಸಂಕೇತ ಎಲೆಗೆ ತಾಗಿ ಕೊಂಬೆಗೆ ಬಡಿದು ಬರುವಾಗ, ನಿಂತಲ್ಲೇ ನಿಂತವರಿಗೆ ಒಮ್ಮೆ ನಾಲ್ಕು ಮೀಟರ್, ಒಮ್ಮೆ ಹದಿನೇಳು ಮೀಟರ್ ಎನ್ನುತ್ತದೆ. ಆಗ ಫೋನು ಜೇಬಿಗಿಟ್ಟು, ಬಚ್ಚಿಟ್ಟವನ ತಲೆಯೊಳಗೆ ಹೊಕ್ಕು ಯೋಚಿಸಬೇಕು. ನಾನಾಗಿದ್ದರೆ ಎಲ್ಲಿಡುತ್ತಿದ್ದೆ? ಬ್ಯಾಂಕಿನವರು ಯಾವಾಗಲೂ ಭದ್ರವಾದ ಜಾಗವನ್ನೇ ನೋಡುತ್ತಿದ್ದರು, ಸಾಗರದವರು ಹಾವು ಇರಬಹುದಾದ ಜಾಗ ಬಿಟ್ಟು ಉಳಿದೆಲ್ಲ ಕಡೆ. ಸರ್ವೆ ರಾಯರು ಸುಮ್ಮನೆ ನಿಂತು ಒಂದು ಸುತ್ತು ಕಣ್ಣಾಡಿಸಿ, ‘ಆ ಕಲ್ಲು ಅಲ್ಲಿಯದಲ್ಲ’ ಎನ್ನುತ್ತಿದ್ದರು. ಗಡಿಕಲ್ಲು ಸರಿಸಿದವರನ್ನು ಮೂವತ್ತು ವರ್ಷ ಹಿಡಿದ ಕಣ್ಣು. ಕಲ್ಲು ಎತ್ತಿದರೆ ಡಬ್ಬ ಅಲ್ಲಿರುತ್ತಿತ್ತು.

ಹೀಗೆ ಜಿಪಿಎಸ್‌ಗಿಂತ ತಾವೇ ಮೇಲೆಂದು ಸಾಬೀತಾದ ಮೇಲೆ ಸರ್ವೆ ರಾಯರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಪ್ರತಿ ಹುಡುಕಾಟದ ನಡುವೆ ಅವರು ವಿಲಿಯಂ ಲ್ಯಾಂಬ್ಟನ್ ಕಥೆ ಎತ್ತುತ್ತಿದ್ದರು. 1800ರಲ್ಲಿ ಬೆಂಗಳೂರಿನಲ್ಲಿ ಉಕ್ಕಿನ ಸರಪಳಿಯಿಂದ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರ ರೇಖೆ ಅಳೆದು ದೇಶದ ನಕ್ಷೆಗೆ ಮೊದಲ ಗೆರೆ ಹಾಕಿದಾತ. ಆತನಿಗೆಂದು ಇಂಗ್ಲೆಂಡಿನಿಂದ ಹೊರಟ ಅರ್ಧ ಟನ್ ತೂಕದ ಥಿಯೋಡಲೈಟನ್ನು ದಾರಿಯಲ್ಲಿ ಫ್ರೆಂಚರು ಹಡಗಿನ ಸಮೇತ ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆ ಬಿಚ್ಚಿ ನೋಡಿ, ಇದು ವಿಜ್ಞಾನದ ಉಪಕರಣವೆಂದು ತಿಳಿದು, ಮತ್ತೆ ಕಟ್ಟಿ, ಮದರಾಸಿಗೆ ಗೌರವದಿಂದ ಕಳಿಸಿಕೊಟ್ಟರು. ಶತ್ರುಗಳೂ ತೆರೆದ ಪೆಟ್ಟಿಗೆಯನ್ನು ಇದ್ದ ಹಾಗೆ ಮುಚ್ಚಿ ಕೊಟ್ಟರು, ನಮ್ಮ ಆಟದ ಮರ್ಯಾದೆಯನ್ನು ಇನ್ನೂರು ವರ್ಷ ಮೊದಲೇ ಪಾಲಿಸಿದರು ಎಂಬುದು ಸರ್ವೆ ರಾಯರ ವ್ಯಾಖ್ಯಾನ. ಅಷ್ಟು ಜೋಪಾನವಾಗಿ ಬಂದ ಉಪಕರಣ 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಜಾರಿ ಗೋಡೆಗೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ಯಾರನ್ನೂ ಬೈಯದೆ ಡೇರೆಯೊಳಗೆ ಕುಳಿತು ಆರು ವಾರ ತಾನೇ ರಿಪೇರಿ ಮಾಡಿದ. ಈ ಕಥೆ ಮುಗಿಯುವುದರೊಳಗೆ ನಮ್ಮಲ್ಲಿ ಯಾರಿಗಾದರೂ ಡಬ್ಬ ಸಿಕ್ಕಿರುತ್ತಿತ್ತು. ಆದರೂ ಕಥೆ ಪೂರ್ತಿ ಕೇಳಿಯೇ ಹೇಳಬೇಕೆಂಬುದು ನಮ್ಮ ಗುಂಪಿನ ಒಳಗಿನ ಕಟ್ಟಳೆ.

ಸುಳಿವು ಬೇಕಾದವರಿಗೆ ಸುಳಿವೂ ಇರುತ್ತದೆ, ಗುಪ್ತಲಿಪಿಯಲ್ಲಿ. ಇಂಗ್ಲಿಷಿನ 26 ಅಕ್ಷರಗಳನ್ನು ಹದಿಮೂರು ಹದಿಮೂರಾಗಿ ಮುರಿದು, ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಓ ಓದಿಕೊಳ್ಳಬೇಕು. ಫೋನಿನಲ್ಲಿ ಗುಂಡಿ ಒತ್ತಿದರೆ ತಾನೇ ಬಿಡಿಸಿಕೊಡುತ್ತದೆ. ಮೇಡಂ ಒತ್ತಗೊಡುತ್ತಿರಲಿಲ್ಲ. ಚೀಟಿಯಲ್ಲಿ ಎರಡು ಸಾಲು ಬರೆದು, ಕನ್ನಡಕ ಮೇಲೇರಿಸಿ, ಒಂದೊಂದೇ ಅಕ್ಷರ ಬಿಡಿಸಿ, ಕಾಲು ಗಂಟೆಯ ನಂತರ ಉತ್ತರ ಓದುತ್ತಿದ್ದರು: ‘ಮರದ ಹತ್ತಿರ.’ ನಾವು ನಿಂತಿದ್ದು ಐದು ಸಾವಿರ ಎಕರೆಗೂ ಮಿಕ್ಕಿದ ಫಾರೆಸ್ಟ್ ಪಾರ್ಕಿನಲ್ಲಿ.

ಡಬ್ಬಗಳಿಗೆ ಎರಡು ಬಗೆಯ ಅಂಕ. ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು, ಒಂದರಿಂದ ಐದರವರೆಗೆ. ದಾರಿ ಐದು ಎಂದರೆ ದೋಣಿಯೋ ಹಗ್ಗವೋ ಬೇಕು. ದಾರಿ ಒಂದು ಎಂದರೆ ಗಾಲಿಕುರ್ಚಿಯೂ ಹೋಗುತ್ತದೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬಾತ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಒಂದು ಕ್ಯಾಶ್ ಇಟ್ಟು ಬಂದ. ನಮ್ಮ ಮಂಡಿಗಳು ಒಂದೂವರೆಯವರೆಗೆ ಸಹಕರಿಸುತ್ತಿದ್ದವು.

ಹೀಗಾಗಿ ನಾವು ಮಾಲ್‌ಗಳ ಪಾರ್ಕಿಂಗ್ ಜಾಗಕ್ಕೆ ಇಳಿದೆವು. ಅಲ್ಲಿನ ದೀಪದ ಕಂಬಗಳ ಬುಡಕ್ಕೆ ಬೋಲ್ಟು ಮುಚ್ಚಲು ತಗಡಿನ ಲಂಗ ತೊಡಿಸಿರುತ್ತಾರೆ. ಲಂಗ ಎತ್ತಿದರೆ ಒಳಗೆ ಡಬ್ಬಿ. ಜಗತ್ತಿನಲ್ಲಿ ಇದಕ್ಕಿಂತ ಸೋಮಾರಿ ಅಡಗುತಾಣವಿಲ್ಲ ಎಂದು ಪಳಗಿದ ಆಟಗಾರರು ಮೂಗು ಮುರಿಯುತ್ತಾರೆ. ನಮಗೆ ಅದೇ ಕಾಶಿ. ಒಂದು ಸಂಜೆ ಬ್ಯಾಂಕಿನವರು ಕಂಬದ ಬುಡದಲ್ಲಿ ಮಂಡಿಯೂರಿ ಮೊಣಕೈವರೆಗೆ ಕೈ ಹಾಕಿದ್ದಾರೆ, ನಾವು ನಾಲ್ವರು ಅವರನ್ನು ಮರೆಮಾಡಲೆಂದು ಸುತ್ತ ನಿಂತಿದ್ದೇವೆ, ಅಷ್ಟರಲ್ಲಿ ಕಾವಲಿನವನು ಪುಟ್ಟ ಗಾಡಿಯಲ್ಲಿ ಬಂದ. ಏನು ಮಾಡುತ್ತಿದ್ದೀರಿ ಎಂದ. ಬ್ಯಾಂಕಿನವರು ಎದ್ದು, ಮಂಡಿ ಕೊಡವಿ, ಗಂಭೀರವಾಗಿ, ನಾವು ನಿಧಿ ಹುಡುಕುತ್ತಿದ್ದೇವೆ ಎಂದರು. ಕಾವಲಿನವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಐವರು. ಹಾರೆ ಇಲ್ಲ, ಪಿಕಾಸಿ ಇಲ್ಲ, ಕೋಳಿಯೂ ಇಲ್ಲ. ನನಗೆ ಮಾತ್ರ ಜಿಲ್ಲಾ ಪುಟದ ತಲೆಬರಹ ಕಣ್ಣೆದುರು ಬಂತು. ಯಾರ ಮನೆಯ ಅಜ್ಜಂದಿರೋ ದಾರಿ ತಪ್ಪಿದ್ದಾರೆಂದು ಭಾವಿಸಿ ಅವನು ನೀರಿನ ಬಾಟಲಿ ಕೊಡಲು ಬಂದಾಗ ಮೇಡಂ ಫೋನು ತೋರಿಸಿ ವಿವರಿಸಿದರು. ಅವನು ಎಲ್ಲ ಕೇಳಿಸಿಕೊಂಡು, ‘ಆ ಕಂಬವಲ್ಲ, ಪಕ್ಕದ್ದು’ ಎಂದು ಹೇಳಿ ಹೊರಟುಹೋದ.

ಎಲ್ಲ ಕಡೆ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಲ್ಲಿ ಹೋಟೆಲೊಂದರ ಹೊರಗೆ ಯಾರೋ ಡಬ್ಬ ಇಡುತ್ತಿದ್ದುದನ್ನು ಕಂಡವರು ಪೊಲೀಸರಿಗೆ ಹೇಳಿ, ರಸ್ತೆ ಬಂದ್ ಆಗಿ, ಸೇನೆಯ ಬಾಂಬ್ ದಳ ಬಂದು ಆ ಡಬ್ಬವನ್ನು ಸಿಡಿಸಿಯೇ ಬಿಟ್ಟಿತು. ಅದಕ್ಕೇ ಡಬ್ಬದ ಮೇಲೆ ಇದು ಇಂಥದ್ದು ಎಂದು ಬರೆದಿರಬೇಕು, ಒಳಗಿರುವುದು ಕಾಣುವಂತಿದ್ದರೆ ಇನ್ನೂ ಒಳ್ಳೆಯದು, ಶಾಲೆ, ರೈಲು ಹಳಿ, ಸೇನೆಯ ಜಾಗಗಳ ಸುದ್ದಿಗೆ ಹೋಗಬಾರದು, ಜಾಗದ ಒಡೆಯರನ್ನು ಕೇಳಿಯೇ ಇಡಬೇಕು ಎಂಬ ಕಟ್ಟಳೆಗಳಿವೆ. ಒಂದು ಡಬ್ಬಕ್ಕೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕೆಂಬುದೂ ಇದೆ. ಸರ್ವೆ ರಾಯರು ಅದನ್ನು ಹೆಜ್ಜೆ ಹಾಕಿ ಅಳೆದು ನೋಡಿ ತೃಪ್ತರಾದರು.

ಬರೆದಿಟ್ಟ ಕಟ್ಟಳೆಗಳಿಗಿಂತ ಬರೆಯದ ಮರ್ಯಾದೆಗಳೇ ನನಗೆ ಹೆಚ್ಚು ಹಿಡಿಸಿದವು. ಡಬ್ಬದಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ, ಒಂದು ತೂಕ ಹೆಚ್ಚಿನದನ್ನೋ ಇಡಬೇಕು. ನಮ್ಮ ಮದುವೆ ಮನೆಗಳ ಮುಯ್ಯಿಯೇ ಇದು. ಮುಯ್ಯಿ ಪುಸ್ತಕದಲ್ಲಿ ನೂರಾ ಒಂದು ಬರೆಸಿದವರ ಮನೆಗೆ ನಾವು ನೂರಾ ಒಂದಕ್ಕೆ ಕಡಿಮೆಯಿಲ್ಲದೆ ಹೋಗುತ್ತೇವೆ. ಇಲ್ಲಿ ಮುಯ್ಯಿ ಕೊಡುವುದು ಮುಖ ನೋಡದವರಿಗೆ, ಆಡಿಕೊಳ್ಳುವ ನೆಂಟರಿಲ್ಲ. ಆಡಿಕೊಳ್ಳುವವರಿಲ್ಲದ ಕಡೆ ಜನ ಏನಿಡುತ್ತಾರೆ ಎಂಬುದನ್ನು ಡಬ್ಬ ತೆರೆದವರು ನೋಡಬಹುದು. ಹೊಸದಾಗಿದ್ದಾಗ ಒಳ್ಳೊಳ್ಳೆಯ ಸಾಮಾನಿದ್ದ ಡಬ್ಬ ವರ್ಷ ಕಳೆದಂತೆ ಹರಿದ ಕೂಪನ್ನು, ಒಂದು ಕಿವಿಯ ಓಲೆಗೆ ಬಂದು ನಿಲ್ಲುತ್ತದೆ. ನಮ್ಮವರು ಈ ಇಳಿಜಾರನ್ನು ತಡೆಯಲು ಪಣ ತೊಟ್ಟರು. ಮೇಡಂ ಚನ್ನಪಟ್ಟಣದ ಬುಗುರಿ ಇಟ್ಟರು. ಬ್ಯಾಂಕಿನವರು ಹೊಸ ಐದು ರೂಪಾಯಿ ನಾಣ್ಯ ಇಟ್ಟು, ಅಂದಿನ ಡಾಲರ್ ದರವನ್ನು ಪುಸ್ತಕದಲ್ಲಿ ನಮೂದಿಸಿದರು. ನನ್ನ ಶ್ರೀಮತಿಯವರು ಕೋಡುಬಳೆ ಪೊಟ್ಟಣ ಕೊಟ್ಟು ಕಳಿಸಿದರು. ತಿಂಡಿ ಇಟ್ಟರೆ ರಕೂನು, ಕರಡಿ ವಾಸನೆ ಹಿಡಿದು ಬಂದು ಡಬ್ಬ ಒಡೆಯುತ್ತವೆ ಎಂದು ವಿವರಿಸಿ ನಾವೇ ತಿಂದೆವು. ಮರುದಿನದಿಂದ ಪೊಟ್ಟಣದ ಗಾತ್ರ ದೊಡ್ಡದಾಯಿತು, ಕರಡಿಗಳ ಹೆಸರು ಯಾರೂ ಎತ್ತಲಿಲ್ಲ.

ಸಹಿಯದು ಇನ್ನೊಂದು ಗೋಳು. ನ್ಯಾನೋ ಎಂಬ ಜಾತಿಯ ಡಬ್ಬಿ ಪೆನ್ಸಿಲ್ ತುದಿಯ ರಬ್ಬರಿನಷ್ಟು ದೊಡ್ಡದು. ಒಳಗೆ ಬೆರಳಗಲದ ಅರ್ಧದಷ್ಟು ಕಾಗದದ ಸುರುಳಿ. ಬ್ಯಾಂಕಿನವರ ಸಹಿ ಡ್ರಾಫ್ಟಿನ ಈ ತುದಿಯಿಂದ ಆ ತುದಿಗೆ ಹರಿದದ್ದು. ‘ಇದರಾಗ ಸಹಿ ಹೆಂಗ ಹಿಡೀತೈತ್ರೀ? ಅರ್ಧಾ ಮಾಡಿದ್ರ ಮಾದರಿ ಸಹಿ ಕೂಡಂಗಿಲ್ಲ!’ ಎಂದು ಅವರ ತಕರಾರು. ಮಾಡಿದರು, ಮೂರು ಸುತ್ತು ಕಾಗದ ಮುಗಿಯಿತು. ಮುಂದಿನ ಹತ್ತು ಜನರ ಜಾಗ ತಿಂದಿರೆಂದು ಡಬ್ಬಿಯ ಒಡೆಯರು ನಯವಾಗಿಯೇ ದೂರಿದರು. ಆಮೇಲೆ ಎಲ್ಲರ ಪರವಾಗಿ ಒಂದೇ ಒಂದು ‘ಕ’ ಬರೆಯುವುದೆಂದು ಗೊತ್ತುಮಾಡಿದೆವು. ಸುರುಳಿಯನ್ನು ಮತ್ತೆ ಡಬ್ಬಿಯೊಳಗೆ ತುರುಕಲು ಕಣ್ಣು ಕೈ ಎರಡೂ ಚುರುಕಿರಬೇಕು. ಆ ಕೆಲಸ ಮೇಡಂ ಅವರ ಮೊಮ್ಮಗಳದು.

ಸಿಗಲಿಲ್ಲವೆಂದರೆ ಸಿಗಲಿಲ್ಲವೆಂದೇ ಬರೆಯಬೇಕೆಂಬುದು ಮತ್ತೊಂದು ಮರ್ಯಾದೆ. ಡಿಎನ್ಎಫ್ ಎಂಬ ಮೂರಕ್ಷರ. ಅದನ್ನು ಬರೆದರೆ, ಡಬ್ಬ ಮಾಯವಾಗಿದೆಯೋ ಏನೋ ಎಂದು ಒಡೆಯ ಬಂದು ನೋಡುತ್ತಾನೆ. ಆದರೂ ಬರೆಯಲು ಕೈ ಬರುವುದಿಲ್ಲ. ಸಿಗದ ಕಡೆ ತಾವೇ ಒಂದು ಹಳೆಯ ಫಿಲ್ಮ್ ಡಬ್ಬಿ ಇಟ್ಟು, ಅದರಲ್ಲಿ ಸಹಿ ಮಾಡಿ, ಸಿಕ್ಕಿತೆಂದು ಬರೆದುಕೊಳ್ಳುವ ಚತುರರಿದ್ದಾರೆ. ಅಸಲಿ ಡಬ್ಬ ಎರಡು ಅಡಿ ಆಚೆ ನಗುತ್ತಿರುತ್ತದೆ. ಈ ಕೆಲಸಕ್ಕೆ ಆಟದಲ್ಲಿ ಕ್ಷಮೆಯಿಲ್ಲ. ಸಿಕ್ಕವರು ನಾಲ್ಕು ಸಾಲು ಬರೆಯದೆ ಬರೀ ಥ್ಯಾಂಕ್ಸ್ ಎಂಬರ್ಥದ ಟಿಎಫ್‌ಟಿಸಿ ಎಂಬ ನಾಲ್ಕಕ್ಷರ ಒತ್ತಿ ಮುಂದೆ ಹೋಗುವುದನ್ನೂ ನಾನು ಅದರ ಪಕ್ಕದಲ್ಲೇ ಇಡುತ್ತೇನೆ. ಒಬ್ಬ ಮನುಷ್ಯ ಮಳೆಯಲ್ಲಿ ನೆನೆದು, ಜಾಗ ಹುಡುಕಿ, ಡಬ್ಬ ಬಚ್ಚಿಟ್ಟು, ಯಾರಾದರೂ ಏನಾದರೂ ಬರೆಯುತ್ತಾರೆಂದು ಕಾಯುತ್ತಿರುತ್ತಾನೆ. ಸಂಪಾದಕರಿಗೆ ಪತ್ರ ಬರದ ಅಂಕಣಕಾರರ ದುಃಖ ನನಗೆ ಗೊತ್ತಿದೆ. ಆದ್ದರಿಂದ ನಮ್ಮ ಗುಂಪಿನ ಟಿಪ್ಪಣಿಗಳನ್ನು ನಾನೇ ಬರೆಯುತ್ತಿದ್ದೆ, ಸ್ವಲ್ಪ ಉದ್ದವಾಗಿಯೇ. ಉಪಸಂಪಾದಕರಿಲ್ಲದ ಜಾಗದಲ್ಲಿ ಬರೆಯುವ ಸುಖ ಅನುಭವಿಸಿದವರಿಗೇ ಗೊತ್ತು.

ಗಿಡಗಳು ಆಟದ ಮರ್ಯಾದೆ ಓದಿಲ್ಲ. ಆರಿಗನ್ನಿನ ಬೇಲಿಸಾಲುಗಳಲ್ಲೆಲ್ಲ ಹಬ್ಬಿರುವ ಮುಳ್ಳುಕಂಟಿಯೊಂದಿದೆ, ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. ಅದು ಮೇಡಂ ಅವರ ಸೀರೆಯ ನೆರಿಗೆ ಹಿಡಿದು ಅರ್ಧ ಗಂಟೆ ನಿಲ್ಲಿಸಿಕೊಂಡಾಗ, ನಮ್ಮ ಹಿಮಾಲಯದ್ದೇ ನಮಗೆ ಹೀಗೆ ಮಾಡಬಹುದೆ ಎಂದು ಎಲ್ಲರಿಗೂ ಬೇಸರವಾಯಿತು. ವಿಚಾರಿಸಿದರೆ ಅದಕ್ಕೂ ಹಿಮಾಲಯಕ್ಕೂ ಸಂಬಂಧವೇ ಇಲ್ಲ. 1885ರಲ್ಲಿ ಲೂಥರ್ ಬರ್ಬ್ಯಾಂಕ್ ಎಂಬ ಸಸ್ಯತಜ್ಞ ಬೀಜ ಭಾರತದ್ದೆಂದು ನಂಬಿ ಆ ಹೆಸರಿಟ್ಟ. ಗಿಡ ಅರ್ಮೇನಿಯಾ ಕಡೆಯದು. ಹಣ್ಣು ಮಾತ್ರ ಆಗಸ್ಟಿನಲ್ಲಿ ಎಷ್ಟು ಸಿಹಿಯೆಂದರೆ ಡಬ್ಬ ಮರೆತುಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಪಾಯ್ಸನ್ ಓಕ್. ಮೂರು ಎಲೆಯ ಗೊಂಚಲು, ನೋಡಲು ಸಾಧು. ತಾಗಿದರೆ ಮೈಯೆಲ್ಲ ಗುಳ್ಳೆ. ಸಾಗರದವರು ಅದರ ಹತ್ತಿರ ಬಗ್ಗಿ ನೋಡಿ, ‘ಮಾರಾಯ್ರೆ, ಮುಟ್ಟಬೇಡಿ, ಇದು ನಮ್ಮ ಚೇರೆ ಮರದ ನೆಂಟನೇ ಸೈ’ ಎಂದರು. ನಿಜವಾಗಿಯೂ ನೆಂಟನೇ. ಗೇರು, ಮಾವು, ಮಲೆನಾಡಿನಲ್ಲಿ ಮೈ ಊದಿಸುವ ಚೇರೆ, ಅಮೆರಿಕದ ಈ ಗಿಡ ಎಲ್ಲವೂ ಒಂದೇ ಕುಟುಂಬದವು. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡ ಹುಡುಗರಿಗೆಲ್ಲ ಈ ವಂಶದ ಪರಿಚಯ ಇದ್ದೇ ಇರುತ್ತದೆ. ಎಚ್ಚರಿಕೆ ಬಂದಾಗ ಬ್ಯಾಂಕಿನವರು ಪೊದೆಯ ಆಚೆ ಡಬ್ಬದ ಮೇಲೆ ಕೈಯಿಟ್ಟಾಗಿತ್ತು. ಒಂದು ವಾರ ಅವರ ಸಹಿ ಮಾಡುವ ಕೈಗೆ ಬ್ಯಾಂಡೇಜು. ಆ ವಾರ ‘ಕ’ವನ್ನು ಎಡಗೈಯಲ್ಲಿ ಬರೆದರು.

ಮೊಮ್ಮಗಳು ಒಂದು ಚನ್ನಪಟ್ಟಣದ ಗೊಂಬೆಗೆ ಸಂಖ್ಯೆ ಕೊರೆದ ಲೋಹದ ಬಿಲ್ಲೆ ಕಟ್ಟಿ ಡಬ್ಬದಲ್ಲಿಟ್ಟಳು. ಟ್ರಾವೆಲ್ ಬಗ್ ಎನ್ನುತ್ತಾರೆ. ಸಿಕ್ಕವರು ಅದನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಂದು ಡಬ್ಬಕ್ಕೆ ಸಾಗಿಸಬೇಕು, ಬೇಗ. ಎಲ್ಲಿಗೆ ಹೋಯಿತೆಂದು ಸಂಖ್ಯೆಯಿಂದ ತಿಳಿಯುತ್ತದೆ. ಗೊಂಬೆಯ ಗುರಿ: ಚನ್ನಪಟ್ಟಣ ತಲುಪುವುದು. ಮೊದಲು ಐಡಹೋಗೆ ಹೋಯಿತು, ಪೂರ್ವಕ್ಕೆ ಹೊರಟಿದೆ ಎಂದು ನಾವು ಸಂಭ್ರಮಿಸಿದೆವು. ಯಾರೋ ಅದನ್ನು ಮತ್ತೆ ಸಿಯಾಟಲ್‌ಗೆ ತಂದರು. ಅಲ್ಲಿಂದ ಜರ್ಮನಿಗೆ ಹಾರಿತು. ಜರ್ಮನ್ನರಿಗೆ ಈ ಆಟದ ಹುಚ್ಚು ವಿಪರೀತ, ಶಿಸ್ತೂ ವಿಪರೀತ. ಅವರು ಗೊಂಬೆಯನ್ನು ಹೋದಹೋದ ಕಡೆ ನಿಲ್ಲಿಸಿ ಫೋಟೋ ಹಾಕುತ್ತಿದ್ದಾರೆ, ಗಡಿ ದಾಟಿಸುತ್ತಿಲ್ಲ. ನಮಗೆ ಅಮೆರಿಕದಲ್ಲಿರಲು ಕೊಡುವ ಅನುಮತಿ ಆರು ತಿಂಗಳಿಗೆ ಮುಗಿಯುತ್ತದೆ. ಗೊಂಬೆಗೆ ಆ ತೊಂದರೆಯಿಲ್ಲ.

ಊರಿಗೆ ಮರಳಿದ ಮೇಲೂ ನಮ್ಮ ಕಟ್ಟೆ ವಾಟ್ಸಾಪಿನಲ್ಲಿ ನಡೆಯುತ್ತಿದೆ. ಬೆಂಗಳೂರಿನಲ್ಲೂ ಡಬ್ಬಗಳಿವೆ, ಹಿಲ್ಸ್‌ಬರೊಗೆ ಹೋಲಿಸಿದರೆ ಬಹಳ ಕಡಿಮೆ. ಕಾರಣ ಊಹಿಸಲು ಜ್ಯೋತಿಷಿ ಬೇಡ. ಮೆಜೆಸ್ಟಿಕ್‌ನಲ್ಲಿ, ಬಸ್ಸಿನ ಸೀಟಿನ ಬೆನ್ನ ಮೇಲೆ, ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಎಂದು ಓದಿಕೊಂಡೇ ಬೆಳೆದವರು ನಾವು. ಆ ಎಚ್ಚರಿಕೆಗೂ ಕಾರಣಗಳಿವೆ. ಅದನ್ನು ದಾಟಿ ಉಳಿದ ಡಬ್ಬವನ್ನು, ಗಾಳಿಯಾಡದ ಮುಚ್ಚಳವಿದೆ, ಹಪ್ಪಳಕ್ಕೆ ಆಗುತ್ತದೆ ಎಂದು ಯಾರಾದರೂ ಮನೆಗೆ ಒಯ್ಯುತ್ತಾರೆ. ಸರ್ವೆ ರಾಯರ ಪ್ರಕಾರ ನಮ್ಮ ದೇಶಕ್ಕೆ ಹೊಂದುವುದು ಡಬ್ಬವೇ ಇಲ್ಲದ ಅರ್ತ್‌ಕ್ಯಾಶ್. ಅಲ್ಲಿ ಹುಡುಕಬೇಕಾದ್ದು ಭೂಮಿಯನ್ನೇ. ಹೋಗಿ ನೋಡಿ, ಅಲ್ಲಿನ ಕಲ್ಲು ಮಣ್ಣಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬರೆದರಾಯಿತು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಲಾಲ್‌ಬಾಗಿನ ಬಂಡೆ ಅದಕ್ಕೆ ಹೇಳಿ ಮಾಡಿಸಿದ್ದು. ಅದನ್ನು ಹಪ್ಪಳಕ್ಕೆಂದು ಯಾರೂ ಒಯ್ಯಲಾರರು. ನನಗೆ ಮಾತ್ರ ಡಬ್ಬವೇ ಬೇಕು. ಮುಚ್ಚಳ ತೆರೆದು, ನನಗಿಂತ ಮುಂಚೆ ಬಂದವರ ಕೈಬರಹ ನೋಡದಿದ್ದರೆ ಅದು ಬರೀ ವಾಕಿಂಗು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಎಲ್ಲಾದರೂ ಮರದ ಪೊಟರೆಯಲ್ಲಿ, ಕಲ್ಲಿನ ಸಂದಿಯಲ್ಲಿ, ಮೇಲೆ ಜಿಯೋಕ್ಯಾಶ್ ಎಂದು ಸ್ಪಷ್ಟವಾಗಿ ಬರೆದ ಡಬ್ಬ ಕಂಡರೆ ಹೆದರಿ ಕೂಗಾಡಬೇಡಿ, ಮನೆಗೂ ಒಯ್ಯಬೇಡಿ. ಪುಸ್ತಕದಲ್ಲಿ ನಿಮ್ಮ ಹೆಸರು ಬರೆದು, ಮುಚ್ಚಳ ನಾಲ್ಕೂ ಕಡೆ ಒತ್ತಿ, ಇದ್ದಲ್ಲೇ ಇಡಿ. ಬರೆಯಲು ಪೆನ್ಸಿಲ್ ನೀವೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಒಳಗಿರುವುದಕ್ಕೆ ಮೊನೆ ಇರುವುದಿಲ್ಲ.